ಆರೋಗ್ಯ ಪ್ರಶ್ನೋತ್ತರ: ಉಳಿದದ್ದನ್ನು ಉಂಡವರ ಸುಸ್ತು

ಪ್ರಶ್ನೆ: ನನಗೆ 38 ವರ್ಷ, ಪ್ರೌಢಶಾಲಾ ಶಿಕ್ಷಕಿ. ನಾಲ್ಕೂವರೆಗೆ ಎದ್ದರೂ ಕೆಲಸ ಮುಗಿಯುವುದಿಲ್ಲ. ಮಕ್ಕಳಿಗೆ ದೋಸೆ, ಮಾವನವರಿಗೆ ಮುದ್ದೆ, ಯಜಮಾನರ ಡಬ್ಬಿಗೆ ಚಪಾತಿ. ರಾತ್ರಿ ಮತ್ತೆ ಬಿಸಿ ಅನ್ನ, ಸಾರು ಆಗಲೇಬೇಕು. ಫ್ರಿಜ್ಜಿನಲ್ಲಿಟ್ಟದ್ದು ವಿಷಕ್ಕೆ ಸಮ ಎಂದು ಅತ್ತೆ ಮುಟ್ಟುವುದಿಲ್ಲ. ಇತ್ತೀಚೆಗೆ ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕೂದಲು ಉದುರುತ್ತಿದೆ, ಸಂಜೆ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಸುಲಭದ ಅಡುಗೆ, ನೆಮ್ಮದಿಯ ದಿನಚರಿ ಹೇಳಿಕೊಡಿ.
— ಹೆಸರು ಬೇಡ, ಹಾಸನ

ಉತ್ತರ: ಅಡುಗೆಯ ಮಾತಿಗೆ ಆಮೇಲೆ ಬರುತ್ತೇನಮ್ಮ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಸಿಬಿಸಿ, ಫೆರಿಟಿನ್, ಟಿಎಸ್‌ಎಚ್, ಬಿ12, ಖಾಲಿ ಹೊಟ್ಟೆಯ ಸಕ್ಕರೆ, ಇಷ್ಟು ಸಾಕು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 11 ಇದೆ, ಹೆಂಗಸರಿಗೆ ಅಷ್ಟೇ ಇರುವುದು ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಷ್ಟು ಜನಕ್ಕೆ ಇದೆ ಎಂದ ಮಾತ್ರಕ್ಕೆ ಅದು ಸಹಜವಾಗುವುದಿಲ್ಲ. ಮುಟ್ಟಿನ ಸ್ರಾವ ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆಯಾಗಿ ಹೋಗುತ್ತದೆಯೇ ಎಂಬುದನ್ನು ನಾಚಿಕೊಳ್ಳದೆ ನಿಮ್ಮ ವೈದ್ಯರಿಗೆ ಹೇಳಿ. ನೀವು ಪತ್ರದಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.

ನಿಮ್ಮಂಥವರು ನನ್ನಲ್ಲಿಗೆ ಬಂದಾಗ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇನೆ. ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದ ಗೋಡೆಯ ಹಾಗಿರುತ್ತದೆ. ಬೆಳಿಗ್ಗೆ ಏನು ತಿಂದಿರಿ ಎಂದರೆ ಬರುವ ಉತ್ತರ ಒಂದೇ: 'ಏನೋ ಉಳಿದದ್ದು, ಮೇಡಂ.' ಮಕ್ಕಳು ಬಿಟ್ಟ ಅರ್ಧ ದೋಸೆ, ತಳ ಹಿಡಿದ ಉಪ್ಪಿಟ್ಟು, ಜೊತೆಗೆ ನಿಂತುಕೊಂಡೇ ಒಂದು ಲೋಟ ಕಾಫಿ. ಊಟದ ಜೊತೆಗೆ ಕುಡಿದ ಕಾಫಿ, ಟೀ ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರ ಇರಲಿ, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ.

ಈಗ ಅತ್ತೆಯವರ ಮಾತು. ಫ್ರಿಜ್ಜಿನ ಊಟ ವಿಷ, ಸತ್ವ ಹೋಗುತ್ತದೆ, ವಾಯು ಮಾಡುತ್ತದೆ. ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಈ ನಂಬಿಕೆಯ ಬೆಲೆ ತೆರುವವಳು ಯಾವಾಗಲೂ ಅಡುಗೆ ಮಾಡುವವಳೇ. ಇಟ್ಟ ಪದಾರ್ಥದಲ್ಲಿ ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಬೇಳೆಯ ಪ್ರೊಟೀನು, ಸೊಪ್ಪಿನ ಕಬ್ಬಿಣ, ರಾಗಿಯ ಕ್ಯಾಲ್ಸಿಯಂ ಎಲ್ಲಿಗೂ ಓಡಿಹೋಗುವುದಿಲ್ಲ.

ಅಪಾಯ ಇರುವುದು ಬೇರೆ ಕಡೆ. ಫ್ರಿಜ್ಜನ್ನು ಬೈಯುವ ಎಷ್ಟೋ ಮನೆಗಳಲ್ಲಿ ರಾತ್ರಿಯ ಅನ್ನ ಕುಕ್ಕರಿನಲ್ಲೇ ಬೆಳಗಿನವರೆಗೆ ಒಲೆಯ ಮೇಲೆ ಕುಳಿತಿರುತ್ತದೆ, ಬೆಳಿಗ್ಗೆ ಅದೇ ಚಿತ್ರಾನ್ನ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಇದ್ದರೆ ಅವು ಮೊಳೆತು ನಂಜು ಬಿಡುತ್ತವೆ. ವಾಂತಿ ತರಿಸುವ ಆ ನಂಜು ಒಗ್ಗರಣೆಯ ಬಿಸಿಗೆ ಹೋಗುವಂಥದ್ದಲ್ಲ. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ ಆರಿಸಿ, ಒಂದು ಗಂಟೆಯೊಳಗೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನವೇ ಮುಗಿಸಿ. ಬೇಯಿಸಿದ ಬೇಳೆ ಎರಡು ಮೂರು ದಿನ ಇರುತ್ತದೆ. ಬೇಕಾದಷ್ಟನ್ನೇ ತೆಗೆದು ಹಬೆಯಾಡುವ ಹಾಗೆ ಕುದಿಸಿ, ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡಬೇಡಿ. ಕರೆಂಟು ಹೋದರೆ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ, ಅದಕ್ಕೂ ಮೀರಿದರೆ ಎಸೆಯಿರಿ. ಈ ಭಾಗವನ್ನು ಅತ್ತೆಯವರಿಗೆ ಓದಿ ಹೇಳಿ. ಅವರು ಕೆಟ್ಟವರಲ್ಲ, ಮನೆಗೆ ಫ್ರಿಜ್ಜು ಬರುವ ಮೊದಲು ಕಲಿತ ಎಚ್ಚರವನ್ನು ಇನ್ನೂ ಬಿಟ್ಟಿಲ್ಲ, ಅಷ್ಟೆ.

ದಿನಚರಿಗೆ ಒಂದೇ ಕಟ್ಟಳೆ: ಒಂದು ಹೊತ್ತಿಗೆ ಒಂದೇ ಅಡುಗೆ. ಮುದ್ದೆ, ಬಸ್ಸಾರು ಮಾಡಿದ ದಿನ ಎಲ್ಲರಿಗೂ ಅದೇ. ದೋಸೆಯಾದರೆ ಮಾವನವರಿಗೂ ದೋಸೆ. ಭಾನುವಾರ ಹಿಟ್ಟು ರುಬ್ಬಿಡಿ, ಎರಡು ಕಾಯಿ ತುರಿದು ಫ್ರೀಜರಿನಲ್ಲಿಡಿ. ರಾತ್ರಿ ಮಲಗುವ ಮುಂಚೆ ಹೆಸರುಕಾಳು ನೆನೆಹಾಕುವುದು, ತರಕಾರಿ ಹೆಚ್ಚುವುದು ಯಜಮಾನರ ಪಾಲಿಗಿರಲಿ. ವಾರಕ್ಕೆರಡು ರಾತ್ರಿ ಒಲೆ ಹೆಚ್ಚು ಉರಿಯದ ಊಟ ಸಾಕು: ಮೊಸರನ್ನ, ಕೋಸಂಬರಿ, ದೊಡ್ಡಪತ್ರೆ ತಂಬುಳಿ. ನೀವೂ ಎಲ್ಲರ ಜೊತೆ ಕುಳಿತು ಉಣ್ಣಿ. ಬಡಿಸಿಕೊಳ್ಳಲು ಎಲ್ಲರಿಗೂ ಕೈಯಿದೆ.

ಕಬ್ಬಿಣದ ಮಾತ್ರೆಯನ್ನು ಅಂಗಡಿಯಿಂದ ತಂದು ಈಗಲೇ ನುಂಗಬೇಡಿ. ವರದಿ ಬಂದ ಮೇಲೆ ವೈದ್ಯರು ಹೇಳಿದ ಹಾಗೆ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆಗೇ ತೆಗೆದುಕೊಂಡರೆ ಒಂದು ಕೆಲಸ ಮುಗಿಯಿತು ಅನ್ನಿಸುತ್ತದೆ. ತಪ್ಪೇ?
— ಓದುಗರು, ಮಂಡ್ಯ

ಉತ್ತರ: ತಪ್ಪು. ಮಾತ್ರೆ ಬರೀ ನೀರಿನ ಜೊತೆ, ಕಾಫಿ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು. ಮಾತ್ರೆಯ ಡಬ್ಬಿಯನ್ನು ಹಾಸಿಗೆಯ ಪಕ್ಕ ನೀರಿನ ಚೊಂಬಿನ ಜೊತೆ ಇಟ್ಟುಕೊಳ್ಳಿ, ಎದ್ದ ಕೂಡಲೇ ಕೆಲಸ ಮುಗಿಯುತ್ತದೆ. ಕ್ರಮ ಸರಿಪಡಿಸಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ.

ಪ್ರಶ್ನೆ: ನನಗೆ 64, ನಿವೃತ್ತ ನೌಕರ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಹೆಂಡತಿ ಮಗಳ ಬಾಣಂತನಕ್ಕೆ ಪುಣೆಗೆ ಹೋಗಿ ಮೂರು ತಿಂಗಳಾಯಿತು. ನನಗೆ ಅಡುಗೆ ಬಾರದು. ಬ್ರೆಡ್ಡು, ಅವಲಕ್ಕಿ, ಅನ್ನ ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಿದ್ದೇನೆ. ಪಾದಗಳಲ್ಲಿ ಜುಮುಜುಮು. ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡರೆ ಹಿತ.
— ಓದುಗರು, ಧಾರವಾಡ

ಉತ್ತರ: ರಾಯರೇ, ಬಿಸಿನೀರನ್ನು ಇವತ್ತೇ ನಿಲ್ಲಿಸಿ. ಸ್ಪರ್ಶ ಕುಂದಿದ ಪಾದಕ್ಕೆ ನೀರು ಎಷ್ಟು ಸುಡುತ್ತಿದೆ ಎಂಬುದು ತಿಳಿಯುವುದಿಲ್ಲ. ಹೀಗೆ ಬೊಬ್ಬೆಯೆದ್ದು, ಹುಣ್ಣಾಗಿ, ಕೊನೆಗೆ ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ರಾತ್ರಿ ಮಲಗುವ ಮುಂಚೆ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು, ಜುಮುಜುಮು ಅದರಿಂದಲೂ ಬರಬಹುದು, ಸಕ್ಕರೆಯಿಂದಲೂ ಬರಬಹುದು. ಪರೀಕ್ಷೆ ಇಲ್ಲದೆ ಹೇಳಲಾಗದು. ಎಚ್‌ಬಿಎ1ಸಿ, ಬಿ12, ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸಿ, ಪಾದದ ಸ್ಪರ್ಶ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಕೂಡದು.

ಅಡುಗೆ ಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ವರ್ಷ ಕಚೇರಿ ನಡೆಸಿದವರಿಗೆ ಕುಕ್ಕರ್ ಮೂರು ಸೀಟಿ ಹೊಡೆಸುವುದು ದೊಡ್ಡದಲ್ಲ. ನಿಮ್ಮ ಊರಿನಲ್ಲಂತೂ ಕಷ್ಟವೇ ಇಲ್ಲ. ಕಡಕ್ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಗಟ್ಟಿ ಮೊಸರು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಮೊಳಕೆ ಬಂದ ಮಡಿಕೆಕಾಳನ್ನು ಉಪ್ಪು ಹಾಕಿ ಬೇಯಿಸಿ ಒಗ್ಗರಣೆ ಕೊಟ್ಟರೆ ಉಸುಳಿ. ಹದಿನೈದು ನಿಮಿಷದಲ್ಲಿ ಆಗುವ ಊಟ ಇದು, ಬ್ರೆಡ್ಡಿಗಿಂತ ಎಷ್ಟೋ ಪಾಲು ಮೇಲು. ಉಪ್ಪಿನಕಾಯಿ ನಾಲಿಗೆಗೆ ತಾಗಿಸುವಷ್ಟು ಸಾಕು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಚಹಾ ಚಮಚದಷ್ಟು. ಅವರು ಪುಣೆಯಿಂದ ಬಂದ ಮೇಲೂ ರಾತ್ರಿಯ ಉಸುಳಿ ನಿಮ್ಮ ಕೈಯದೇ ಆಗಿರಲಿ.

ಪ್ರಶ್ನೆ: ಏಳು ವರ್ಷದ ಮಗನಿಗೆ ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಬಸ್ಸು ಏಳೂಕಾಲಿಗೆ. ರಾತ್ರಿ ಊಟ ಹತ್ತಕ್ಕೆ, ಅದೂ ಮೊಬೈಲ್ ಹಿಡಿದುಕೊಂಡೇ, ಮಲಗುವುದು ಹನ್ನೊಂದಕ್ಕೆ. ದೃಷ್ಟಿ ತೆಗೆದದ್ದಾಯಿತು, ಜಂತುಹುಳದ ಔಷಧಿಯೂ ಆಯಿತು.
— ಓದುಗರು, ಬೆಂಗಳೂರು

ಉತ್ತರ: ಈ ವಯಸ್ಸಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು, ಅವನಿಗೆ ಏಳೂ ಸಿಗುತ್ತಿಲ್ಲ. ಮಲ ಗಟ್ಟಿಯಾಗಿದೆಯೇ, ದಿನವೂ ಹೋಗುತ್ತಾನೆಯೇ ಎಂದು ನೋಡಿ. ಬೆಳಗಿನ ಗಡಿಬಿಡಿಯಲ್ಲಿ ಕೂರದೆ, ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ತಡೆದುಕೊಳ್ಳುವ ಮಕ್ಕಳು ಬಹಳ. ಏಳೂವರೆಗೆ ಮೊಬೈಲ್ ಇಲ್ಲದ ಊಟ, ಒಂಬತ್ತಕ್ಕೆ ದೀಪ ಆರಿಸಿ. ಒಂದೇ ದಿನಕ್ಕೆ ಬದಲಾಗದು, ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ಸರಿಸುತ್ತಾ ಬನ್ನಿ. ತಿಂಡಿಯ ನಂತರ ಹತ್ತು ನಿಮಿಷ ಶೌಚಾಲಯಕ್ಕೆಂದೇ ಇರಲಿ, ಅವಸರಪಡಿಸಬೇಡಿ. ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಮಲಗಿಸುವಾಗ ಮೆಲ್ಲಗೆ ಕೇಳಿ. ತೂಕ ಇಳಿದಿದ್ದರೆ, ನೋವಿಗೆ ರಾತ್ರಿ ನಿದ್ದೆಯಿಂದ ಎದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಮಕ್ಕಳ ತಜ್ಞರಿಗೆ ತೋರಿಸಿ. ಇವು ಯಾವುವೂ ಇಲ್ಲದಿದ್ದರೂ ಮೂತ್ರ ಪರೀಕ್ಷೆ ಒಂದನ್ನು ಮಾಡಿಸಿಬಿಡಿ.

ಪ್ರಶ್ನೆ: ನನಗೆ 54. ಕಾಯಿ ತುರಿಯುವಾಗ, ಬಾವಿಯಿಂದ ನೀರು ಸೇದುವಾಗ ಎದೆಯಲ್ಲಿ ಗ್ಯಾಸ್ ಕಟ್ಟಿದ ಹಾಗಾಗಿ ದವಡೆಯವರೆಗೆ ಹಿಡಿದುಕೊಳ್ಳುತ್ತದೆ. ಕುಳಿತರೆ ಐದು ನಿಮಿಷಕ್ಕೆ ಹೋಗುತ್ತದೆ. ಜೀರಿಗೆ ಕಷಾಯ ಕುಡಿಯುತ್ತಿದ್ದೇನೆ. ಗ್ಯಾಸ್ ಆಗದ ಸರಳ ಅಡುಗೆ ಯಾವುದು?
— ಓದುಗರು, ಕುಂದಾಪುರ

ಉತ್ತರ: ಅಕ್ಕ, ಇದನ್ನು ಗ್ಯಾಸ್ ಎಂದು ಕರೆಯಬೇಡಿ. ದುಡಿದಾಗ ಬಂದು ಕುಳಿತಾಗ ಹೋಗುವ ಬಿಗಿತ ಹೃದಯದ್ದು ಎಂದೇ ತಿಳಿದು ನಡೆಯಬೇಕು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಈ ಕಾಯಿಲೆ ಹೆಚ್ಚು, ಅವರೇ ತಡವಾಗಿ ಆಸ್ಪತ್ರೆಗೆ ಬರುವವರು. ಈ ಪತ್ರಿಕೆ ಕೈಗೆ ಸಿಕ್ಕ ದಿನವೇ ಹೋಗಿ ಇಸಿಜಿ ಮಾಡಿಸಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಇಸಿಜಿ ಸರಿಯಿದೆ ಎಂದರೂ ಅಷ್ಟಕ್ಕೇ ಮನೆಗೆ ಬರಬೇಡಿ. ಸುಮ್ಮನೆ ಮಲಗಿರುವಾಗ ತೆಗೆದದ್ದರಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ, ಮುಂದಿನ ಪರೀಕ್ಷೆ ಯಾವುದು ಬೇಕು ಎಂದು ಹೃದ್ರೋಗ ತಜ್ಞರು ಹೇಳಲಿ. ಅಲ್ಲಿಯವರೆಗೆ ಬಾವಿಯ ಕೊಡ ಮನೆಯಲ್ಲಿ ಬೇರೆಯವರು ಎತ್ತಲಿ. ಸುಮ್ಮನೆ ಕುಳಿತಾಗಲೂ ಬಿಗಿತ ಬಂದರೆ, ಹತ್ತು ನಿಮಿಷಕ್ಕೂ ಹೋಗದಿದ್ದರೆ, ಬೆವರು ಕಿತ್ತುಕೊಂಡರೆ 108ಕ್ಕೆ ಕರೆ ಮಾಡಿ. ಅಡುಗೆಯ ಮಾತನ್ನು ವರದಿ ಕೈಗೆ ಬಂದ ಮೇಲೆ ಬರೆದು ಕೇಳಿ, ಉತ್ತರಿಸುತ್ತೇನೆ.