ತಾಳಮದ್ದಳೆ ಕೇಳುವುದು ಹೇಗೆ?

ಲೈವ್ ಮ್ಯೂಸಿಕ್‌ಗೆ ಬೆಂಗಳೂರಿನ ಕ್ಲಬ್ಬೇ ಬೇಕಂತಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಕ್ಷಗಾನ ಸಂಘಗಳಲ್ಲಿ ವಾರದ ತಾಳಮದ್ದಳೆ ಕೂಟ ಹಳೇ ರೂಢಿ.

ಇಲ್ಲಿ ವೇಷ, ಕುಣಿತ ಇಲ್ಲ. ಭಾಗವತರು ಜಾಗಟೆ ಹಿಡಿದು ಪ್ರಸಂಗದ ಪದ್ಯ ಹಾಡುತ್ತಾರೆ. ಜೊತೆಗೆ ಚೆಂಡೆ, ಮದ್ದಳೆ. ಆಮೇಲೆ ಅರ್ಥಧಾರಿ ಆ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಪುಸ್ತಕದಲ್ಲಿದೆ, ಮಾತನ್ನು ಯಾರೂ ಬರೆದುಕೊಟ್ಟಿಲ್ಲ.

‘ವಾಲಿವಧೆ’ ತಗೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಅಲ್ಲೇ ಉತ್ತರ ಕೊಡಬೇಕು, ನಮ್ಮ ವೈವಾ ಥರ! ಕಥೆ ಬದಲಾಗಲ್ಲ, ಆದರೆ ವಾದದಲ್ಲಿ ವಾಲಿಯೇ ಗೆದ್ದ ಅಂತ ಅನಿಸುವುದೂ ಉಂಟು.

ಮಾತು ಎಲ್ಲಿಗೆ ಹೋದರೂ ಮುಂದಿನ ಪದ್ಯ ಎತ್ತಿ ಕಥೆಯನ್ನು ದಾರಿಗೆ ತರುವವರು ಭಾಗವತರು. ಈ ಹಾಡುಗಾರಿಕೆ ಕೇಳಿಯೇ ಬರುವಂಥದ್ದು. ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರು (1938–2023) ಅಜ್ಜನಿಂದ ಕಲಿತು ‘ಬಲಿಪ ಶೈಲಿ’ಯನ್ನು ಉಳಿಸಿದರು.

ಮೊದಲ ಸಲ ಹೋಗುವವರು ಪ್ರಸಂಗದ ಕಥೆ ತಿಳ್ಕೊಂಡು ಹೋಗಿ, ಪದ್ಯವನ್ನೂ ಗಮನಿಸಿ. ಎದುರಿಗೆ ಕೇಳುವವರಿದ್ದರೆ ಅರ್ಥಧಾರಿಯ ಮಾತಿಗೂ ಹುರುಪು ಬರುತ್ತದೆ. ನಮ್ಮ ವಯಸ್ಸಿನವರು ಕೂತು ಕೇಳದಿದ್ದರೆ ಮುಂದೆ ಕಲಿಯುವವರು ಯಾರು?