ಲಿಂಕ್ ಕೊಟ್ಟವರಿಗೆ ಎಷ್ಟು ಸಿಗತ್ತೆ?

‘ಅಫಿಲಿಯೇಟ್’ ಅನ್ನೋ ಪದ ಕೇಳಿದ ತಕ್ಷಣ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗೋದು ವಿಟಿಯುಗೆ ಅಫಿಲಿಯೇಟೆಡ್ ಅಂತ ಬರೆದಿರೋ ಕಾಲೇಜು ಬೋರ್ಡು. ಈ ಲೇಖನ ಆ ಅಫಿಲಿಯೇಷನ್ ಬಗ್ಗೆ ಅಲ್ಲ. (ಸಿಲಬಸ್ ಬಗ್ಗೆ ಗೊಣಗೋಕೆ ಇನ್ನೊಂದು ಸಂಚಿಕೆಯೇ ಬೇಕಾಗತ್ತೆ.) ನಾವು ಇವತ್ತು ನೋಡ್ತಿರೋದು ಅಫಿಲಿಯೇಟ್ ಮಾರ್ಕೆಟಿಂಗ್, ಮತ್ತು ಅದರಲ್ಲಿ ಯಾವುದು ಸರಿ, ಯಾವುದು ಮೋಸ ಅನ್ನೋ ವಿಷಯ. ನಮ್ಮಲ್ಲಿ ತುಂಬಾ ಜನ ಟೆಲಿಗ್ರಾಮ್ ಡೀಲ್ಸ್ ಚಾನೆಲ್ ನಡೆಸ್ತಾರೆ, ಇನ್‌ಸ್ಟಾಗ್ರಾಮಲ್ಲಿ ‘ಲಿಂಕ್ ಇನ್ ಬಯೋ’ ಅಂತಾರೆ. ಹಾಗಾಗಿ ಇದು ಎಂಬಿಎ ಹುಡುಗರ ವಿಷಯ ಮಾತ್ರ ಅಲ್ಲ.

ಕೆಲಸ ಸರಳ. ನೀವು ಒಂದು ವಸ್ತುವಿನ ಲಿಂಕ್ ಹಂಚುತ್ತೀರಿ. ಆ ಲಿಂಕಿನಿಂದ ಹೋಗಿ ಯಾರಾದರೂ ಕೊಂಡರೆ ಅಂಗಡಿಯವರು ನಿಮಗೆ ಕಮಿಷನ್ ಕೊಡುತ್ತಾರೆ. ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆಯನ್ನು 1996ರಲ್ಲೇ ಶುರು ಮಾಡಿತ್ತು, ಅದಿನ್ನೂ ಬರೀ ಪುಸ್ತಕ ಮಾರುತ್ತಿದ್ದ ಕಾಲದಲ್ಲಿ.

ಇದಕ್ಕೆ ಕನ್ನಡದಲ್ಲಿ ಹಳೆಯ ಪದವೇ ಇದೆ: ದಲ್ಲಾಳಿ. ಅಡಿಕೆ ಮಂಡಿಯಿಂದ ಹಿಡಿದು ಯಶವಂತಪುರದ ಎಪಿಎಂಸಿ ಯಾರ್ಡಿನವರೆಗೆ ದಲ್ಲಾಳಿ ಇಲ್ಲದ ವ್ಯಾಪಾರ ಕಡಿಮೆ. ಪಿಜಿ ಊಟ ಸಾಕಾಗಿ ಬಾಡಿಗೆ ಮನೆ ಹುಡುಕಿದವರಿಗೆ ಬ್ರೋಕರ್ ಸಹವಾಸ ಚೆನ್ನಾಗಿ ಗೊತ್ತಿರತ್ತೆ. ದಲ್ಲಾಳಿ ಕೆಲಸದಲ್ಲಿ ತಪ್ಪೇನಿಲ್ಲ. ಅವನು ಬ್ರೋಕರ್ ಅಂತ ನಮಗೆ ಮೊದಲೇ ಗೊತ್ತು, ಅದಕ್ಕೇ ‘ಗಾಳಿ ಬೆಳಕು ಸೂಪರ್ ಆಗಿದೆ ಸರ್’ ಅಂದಾಗ ನಾವೇ ಹೋಗಿ ಕಿಟಕಿ ತೆಗೆದು ನೋಡ್ತೀವಿ, ನಲ್ಲಿ ತಿರುಗಿಸಿ ನೋಡ್ತೀವಿ. ಲಿಂಕಿನ ವಿಷಯದಲ್ಲಿ ತೊಂದರೆ ಎಲ್ಲಿ ಅಂದ್ರೆ, ಇಲ್ಲಿ ದಲ್ಲಾಳಿ ಫ್ರೆಂಡ್ ವೇಷದಲ್ಲಿ ಬರ್ತಾನೆ. ಕಿಟಕಿ ತೆಗೆದು ನೋಡಬೇಕು ಅಂತ ನಮಗೆ ಹೊಳೆಯೋದೇ ಇಲ್ಲ.

ಕುಕಿ ಅನ್ನೋ ಚೀಟಿ

ಯಾರ ಲಿಂಕಿನಿಂದ ಗಿರಾಕಿ ಬಂದರು ಅಂತ ಅಂಗಡಿಗೆ ಹೇಗೆ ಗೊತ್ತಾಗತ್ತೆ? ನೆಟ್‌ವರ್ಕ್ಸ್ ಸಬ್ಜೆಕ್ಟಲ್ಲಿ ಓದಿರ್ತೀರಿ, ಎಚ್‌ಟಿಟಿಪಿಗೆ ಮರೆವು ಜಾಸ್ತಿ. ಒಂದು ರಿಕ್ವೆಸ್ಟ್ ಮುಗಿದ ಮೇಲೆ ಅದಕ್ಕೆ ನೀವು ಯಾರೋ ಏನೋ. ಈ ಮರೆವಿಗೆ ಮದ್ದಾಗಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಕುಕಿ ಮಾಡಿದರು. ಕುಕಿ ಅಂದ್ರೆ ನಿಮ್ಮ ಬ್ರೌಸರ್ ಜೇಬಿಗೆ ವೆಬ್‌ಸೈಟ್ ಹಾಕುವ ಒಂದು ಚೀಟಿ. ಅಫಿಲಿಯೇಟ್ ಲಿಂಕ್ ಒತ್ತಿದಾಗ ‘ಇವರನ್ನು ಕಳಿಸಿದ್ದು ಇಂಥವರು’ ಅಂತ ಚೀಟಿ ಬೀಳುತ್ತದೆ. ಚೆಕೌಟ್ ಆಗುವಾಗ ಅಂಗಡಿ ಚೀಟಿ ಓದುತ್ತದೆ, ಅದರಲ್ಲಿ ಹೆಸರಿದ್ದವರಿಗೆ ಕಮಿಷನ್. ಅಮೆಜಾನಲ್ಲಿ ಈ ಚೀಟಿಗೆ ಸಾಮಾನ್ಯವಾಗಿ 24 ಗಂಟೆ ಆಯಸ್ಸು. ಅಷ್ಟರೊಳಗೆ, ಚಾರ್ಜರ್ ಲಿಂಕ್ ಒತ್ತಿ ಹೋದವರು ಅಮ್ಮನಿಗೆ ಮಿಕ್ಸಿ ತಗೊಂಡರೂ ಕಮಿಷನ್ ಬರತ್ತೆ.

ಇಬ್ಬರ ಚೀಟಿ ಇದ್ದರೆ? ಹೆಚ್ಚಿನ ಕಡೆ ಕೊನೆಯ ಕ್ಲಿಕ್ ಯಾರದ್ದೋ ಅವರಿಗೇ ಪೂರ್ತಿ ಕಮಿಷನ್. 20 ನಿಮಿಷದ ವಿಡಿಯೋ ಮಾಡಿ ಎಲ್ಲ ವಿವರಿಸಿದವರಿಗೆ ಸೊನ್ನೆ, ಕೊನೇ ಗಳಿಗೆಯಲ್ಲಿ ಕೂಪನ್ ತೋರಿಸಿದವರಿಗೆ ಎಲ್ಲಾ. ಈ ಒಂದು ನಿಯಮ ಸರಿಯಾಗಿ ಅರ್ಥ ಆದ್ರೆ ಈ ಕ್ಷೇತ್ರದ ಮುಕ್ಕಾಲು ಮೋಸ ತಾನಾಗೇ ಅರ್ಥ ಆಗತ್ತೆ. ಯಾಕಂದ್ರೆ ಇಲ್ಲಿ ದುಡ್ಡು ಸಿಗೋದು ಗಿರಾಕಿಯನ್ನು ಕರೆತಂದಿದ್ದಕ್ಕಲ್ಲ, ಜೇಬಲ್ಲಿ ಕೊನೆಗೆ ಯಾರ ಚೀಟಿ ಇತ್ತು ಅನ್ನೋದಕ್ಕೆ.

ಶಾನ್ ಹೋಗನ್ ಅನ್ನೋ ಅಮೆರಿಕದವರ ಕಥೆ ಇಲ್ಲಿ ಹೇಳಲೇಬೇಕು. 2000ದ ದಶಕದಲ್ಲಿ ಇಬೇ ಕಂಪನಿಯ ನಂಬರ್ ಒನ್ ಅಫಿಲಿಯೇಟ್ ಇವರೇ. ಇಬೇ ಇವರಿಗೆ ಕೆಲವೇ ವರ್ಷಗಳಲ್ಲಿ ಸುಮಾರು 2.8 ಕೋಟಿ ಡಾಲರ್ ಕಮಿಷನ್ ಕೊಟ್ಟಿತ್ತು. ಅವರು ಮಾಡಿದ್ದು ‘ಕುಕಿ ಸ್ಟಫಿಂಗ್’, ಅಂದ್ರೆ ಗೊತ್ತಿಲ್ಲದವರ ಜೇಬಿಗೆ ಚೀಟಿ ತುರುಕೋದು. ಬ್ಲಾಗಿನವರು ಹಾಕಿಕೊಳ್ಳುವ ಉಚಿತ ವಿಜೆಟ್ ಕೊಟ್ಟು, ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇಡುವುದು. ಆ ಚಿತ್ರದ ವಿಳಾಸದ ಜಾಗದಲ್ಲಿ ಅಫಿಲಿಯೇಟ್ ಲಿಂಕ್. ಬ್ರೌಸರ್ ಪಾಪ, ಚಿತ್ರ ತರೋಕೆ ಅಂತ ಆ ವಿಳಾಸಕ್ಕೆ ಹೋಗತ್ತೆ, ಅಲ್ಲಿ ಇಬೇಯ ಚೀಟಿ ಹಾಕಿಸಿಕೊಂಡು ಬರತ್ತೆ. ಓದುಗರು ಏನನ್ನೂ ಒತ್ತಿಲ್ಲ, ಇಬೇಯ ಜಾಹೀರಾತನ್ನೂ ನೋಡಿಲ್ಲ. ಮುಂದೊಂದು ದಿನ ಅವರು ತಾವಾಗೇ ಇಬೇಗೆ ಹೋಗಿ ಕೊಂಡರೆ ಕಮಿಷನ್ ಮಾತ್ರ ಹೋಗನ್‌ಗೆ.

ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಒಂದು ಇಫ್ ಕಂಡೀಷನ್. ಇಬೇಯ ಮುಖ್ಯ ಕಚೇರಿ ಇದ್ದದ್ದು ಸ್ಯಾನ್ ಹೊಸೆಯಲ್ಲಿ. ಕಮಿಷನ್ ಲೆಕ್ಕ ನೋಡ್ತಿದ್ದ ‘ಕಮಿಷನ್ ಜಂಕ್ಷನ್’ ಕಂಪನಿ ಇದ್ದದ್ದು ಸಾಂಟಾ ಬಾರ್ಬರಾದಲ್ಲಿ. ಈ ಎರಡು ಊರಿನ ಐಪಿ ಅಡ್ರೆಸ್ಸಿಂದ ಯಾರಾದರೂ ಪೇಜ್ ತೆರೆದರೆ ಚೀಟಿ ತುರುಕುವ ಕೋಡ್ ಸುಮ್ಮನಿರುತ್ತಿತ್ತು ಅಂತ ಇಬೇ 2008ರಲ್ಲಿ ಹಾಕಿದ ಕೇಸಿನಲ್ಲಿ ಆರೋಪಿಸಿತು. ಎಥಿಕ್ಸ್ ಕ್ಲಾಸಲ್ಲಿ ‘ಉದ್ದೇಶ’ ಅಂದ್ರೇನು ಅಂತ ಎರಡು ಪುಟ ಬರೀತೀವಲ್ಲ, ಇಲ್ಲಿ ಒಂದೇ ಸಾಲಲ್ಲಿದೆ. ಅಂಗಡಿಯವನಿಗೆ ಕಾಣಬಾರದು ಅಂತ ಕೋಡ್ ಬರೆದಿದ್ದಾರೆ ಅಂದ್ರೆ, ಅಂಗಡಿಯವನು ಒಪ್ಪಲ್ಲ ಅಂತ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅರ್ಥ. ಹೋಗನ್ ತಪ್ಪೊಪ್ಪಿಕೊಂಡರು, 2014ರಲ್ಲಿ 5 ತಿಂಗಳು ಜೈಲು ಶಿಕ್ಷೆ ಆಯಿತು. ಇದೇ ಆಟ ಆಡಿದ ಬ್ರಯಾನ್ ಡನಿಂಗ್ ಅವರಿಗೆ 15 ತಿಂಗಳು. ಈ ಡನಿಂಗ್ ‘ಸ್ಕೆಪ್ಟಾಯ್ಡ್’ ಅನ್ನೋ ಪಾಡ್‌ಕಾಸ್ಟ್ ನಡೆಸುವವರು. ಕಂಡಿದ್ದನ್ನೆಲ್ಲ ನಂಬಬೇಡಿ, ಪ್ರಶ್ನೆ ಕೇಳಿ ಅಂತ ಜನರಿಗೆ ಹೇಳಿಕೊಡೋ ಪಾಡ್‌ಕಾಸ್ಟ್!

ಇಲ್ಲಿ ನಷ್ಟ ಆಗಿದ್ದು ಇಬೇಗೆ ಮಾತ್ರ ಅಂದುಕೊಳ್ಳಬೇಡಿ. ನಿಯತ್ತಾಗಿ ಗಿರಾಕಿ ಕರೆತಂದ ಬೇರೊಬ್ಬ ಅಫಿಲಿಯೇಟ್‌ನ ಚೀಟಿ ಮೇಲೆ ಈ ಚೀಟಿ ಬಿದ್ದರೆ ಅವನ ಕೂಲಿ ಹೋಯ್ತು. ಅವನಿಗೆ ಅದು ಗೊತ್ತಾಗೋಕೂ ದಾರಿಯಿಲ್ಲ.

ಇನ್ನೊಂದು ಉದಾಹರಣೆ ಈಚಿನದು, ನಮ್ಮಲ್ಲೂ ತುಂಬಾ ಜನ ನೋಡಿರ್ತೀರಿ. ಹನಿ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್. ಚೆಕೌಟ್ ಸಮಯದಲ್ಲಿ ಕೂಪನ್ ಹುಡುಕಿಕೊಡತ್ತೆ. ಪೇಪಾಲ್ ಇದನ್ನು 2020ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಕೊಂಡಿತು. ದೊಡ್ಡ ದೊಡ್ಡ ಯೂಟ್ಯೂಬರುಗಳೆಲ್ಲ ಇದರ ಜಾಹೀರಾತು ಮಾಡಿದ್ದರು. 2024ರ ಡಿಸೆಂಬರಲ್ಲಿ ಮೆಗಾಲ್ಯಾಗ್ ಅನ್ನೋ ಯೂಟ್ಯೂಬ್ ಚಾನೆಲ್ ಒಂದು ವಿಡಿಯೋ ಹಾಕಿತು. ಅದರ ಆರೋಪ ಇದು: ಚೆಕೌಟಲ್ಲಿ ಹನಿಯ ಪೆಟ್ಟಿಗೆ ಮೇಲೆ ಕ್ಲಿಕ್ ಮಾಡಿದರೆ ಅದು ಹಳೆಯ ಅಫಿಲಿಯೇಟ್ ಚೀಟಿ ತೆಗೆದು ತನ್ನದನ್ನು ಹಾಕತ್ತೆ, ‘ಕೂಪನ್ ಸಿಗಲಿಲ್ಲ’ ಅಂತ ಹೇಳುವಾಗಲೂ. ಅಂದ್ರೆ ಹನಿ ಹಾಕಿಕೊಳ್ಳಿ ಅಂತ ತಮ್ಮ ವೀಕ್ಷಕರಿಗೆ ಹೇಳಿದ ಯೂಟ್ಯೂಬರುಗಳ ಕಮಿಷನ್ನೇ ಹೋಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಲೀಗಲ್‌ಈಗಲ್ ಮತ್ತು ವೆಂಡೋವರ್ ಚಾನೆಲ್‌ಗಳವರು ಕೋರ್ಟಿಗೆ ಹೋದರು. ಪೇಪಾಲ್ ಹೇಳಿದ್ದು, ನಾವು ಉದ್ಯಮದ ನಿಯಮವನ್ನೇ ಪಾಲಿಸ್ತಿದ್ದೀವಿ, ಕೊನೆಯ ಕ್ಲಿಕ್ ಪದ್ಧತಿಯೂ ಅದರಲ್ಲೇ ಬರತ್ತೆ ಅಂತ. 2025ರ ಮಾರ್ಚಲ್ಲಿ ಗೂಗಲ್ ತನ್ನ ಕ್ರೋಮ್ ನಿಯಮ ಬದಲಿಸಿ, ಬಳಕೆದಾರರಿಗೆ ನಿಜವಾದ ಲಾಭ ಕೊಡದೆ ಎಕ್ಸ್‌ಟೆನ್ಷನ್‌ಗಳು ಅಫಿಲಿಯೇಟ್ ಲಿಂಕ್ ಸೇರಿಸಬಾರದು ಅಂದಿತು.

ಪೇಪಾಲ್ ಉತ್ತರವನ್ನು ಸ್ವಲ್ಪ ನಿಂತು ಯೋಚಿಸಬೇಕು. ಹೋಗನ್ ನಿಯಮ ಮುರಿದರು, ಬಚ್ಚಿಟ್ಟುಕೊಂಡರು. ಇಲ್ಲಿನ ವಾದ ‘ನಿಯಮವೇ ಹೀಗಿದೆ’ ಅಂತ. ಆದ್ರೆ ನಿಯಮ ಇದ್ದ ಮಾತ್ರಕ್ಕೆ ಕೆಲಸ ಮಾಡಿದವರ ಕೂಲಿ ಇನ್ನೊಬ್ಬರಿಗೆ ಹೋಗೋದು ನ್ಯಾಯ ಆಗತ್ತಾ? ಆಗಲ್ಲ ಅಂತ ನಮ್ಮ ಅಭಿಪ್ರಾಯ. ಕೂಪನ್ ಹುಡುಕಿ ಕೊಟ್ಟಿದ್ದರೆ ಪಾಲು ಕೇಳಲಿ, ಅದು ಬೇರೆ ಮಾತು. ಏನೂ ಕೊಡದೆ ಪೂರ್ತಿ ತಗೊಳ್ಳೋಕೆ ನಿಯಮ ಒಂದು ನೆಪ ಅಷ್ಟೇ.

ಅಂಗಡಿಯವರು ಅಫಿಲಿಯೇಟ್‌ಗಳನ್ನು ನಡೆಸಿಕೊಳ್ಳೋ ರೀತಿಯೂ ಇದೆ, ಅದನ್ನು ಬೇಗ ಹೇಳಿ ಮುಂದೆ ಹೋಗ್ತೀವಿ. 2020ರ ಏಪ್ರಿಲಲ್ಲಿ, ಎಲ್ಲರೂ ಲಾಕ್‌ಡೌನಲ್ಲಿ ಆನ್‌ಲೈನ್ ಖರೀದಿ ಮಾಡ್ತಿದ್ದಾಗ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ ಶೇ. 8ರಿಂದ ಶೇ. 3ಕ್ಕೆ ಇಳಿಸಿತು. ಮುನ್ಸೂಚನೆ ಕೊಟ್ಟಿದ್ದು ಒಂದು ವಾರ. ಒಪ್ಪಂದದ ಪ್ರಕಾರ ತಪ್ಪಿಲ್ಲ. ಆದರೆ ಒಂದೇ ಅಂಗಡಿಯನ್ನು ನಂಬಿ ಬದುಕು ಕಟ್ಟಿದವರ ಕೈಯಲ್ಲಿ ಎಷ್ಟು ಶಕ್ತಿ ಇರತ್ತೆ ಅನ್ನೋದು ಅವತ್ತು ಎಲ್ಲರಿಗೂ ಕಂಡಿತು.

ಲ್ಯಾಪ್‌ಟಾಪ್ ಲೆಕ್ಕ

ಈಗ ಕ್ಯಾಂಪಸ್ಸಿಗೆ ಬರೋಣ. ಅಫಿಲಿಯೇಟ್ ಲಿಂಕ್ ಹಾಕುವವರು ಯಾವಾಗಲೂ ಹೇಳುವ ಮಾತೊಂದಿದೆ: ‘ನಿಮಗೇನೂ ಜಾಸ್ತಿ ಖರ್ಚಾಗಲ್ಲ, ಬೆಲೆ ಅಷ್ಟೇ ಇರತ್ತೆ.’ ಇದು ನಿಜ. ಅದೇ ವಸ್ತುವಿಗೆ ಸಾಮಾನ್ಯವಾಗಿ ಅದೇ ಬೆಲೆ. ಆದರೆ ಪ್ರಶ್ನೆ ಇರೋದು ಬೆಲೆಯಲ್ಲಿ ಅಲ್ಲ, ಯಾವ ವಸ್ತುವನ್ನು ತೋರಿಸಿದರು ಅನ್ನೋದರಲ್ಲಿ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಫಸ್ಟ್ ಇಯರಿಗೆ ಬಂದ ಜೂನಿಯರ್ ಒಬ್ಬಳು ‘ಅಕ್ಕ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’ ಅಂತ ಕೇಳ್ತಾಳೆ. ಅವಳಿಗೆ ಬೇಕಿರೋದು ಸಿ ಪ್ರೋಗ್ರಾಂ, ಪೈಥಾನ್, ಸ್ವಲ್ಪ ಕ್ಯಾಡ್. 55,000 ರೂಪಾಯಿಯದು ಧಾರಾಳ ಸಾಕು, ಅದಕ್ಕೆ ಕಮಿಷನ್ ಶೇ. 2, ಅಂದ್ರೆ 1,100 ರೂಪಾಯಿ. ಪಕ್ಕದಲ್ಲಿ 72,000ದ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಕಮಿಷನ್ ಶೇ. 4, ಅಂದ್ರೆ 2,880. ಅಕ್ಕ ಎರಡನೆಯದನ್ನು ಹೇಳಿದರೆ ಅವಳಿಗೆ ಹೆಚ್ಚು ಸಿಗೋದು 1,780. ಜೂನಿಯರ್ ಮನೆಯವರು ಹೆಚ್ಚು ಕೊಡೋದು 17,000. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ ಹಾಗೆ. ಆ 17,000 ಎಷ್ಟೋ ಮನೆಗಳಲ್ಲಿ ಅಪ್ಪನ ಒಂದು ತಿಂಗಳ ಸಂಬಳ, ಅಥವಾ ಒಂದು ಸೆಮಿಸ್ಟರಿನ ಊಟದ ಖರ್ಚು.

ಅಕ್ಕ ಸುಳ್ಳು ಹೇಳಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಒಳ್ಳೇದೇ. ಅವಳ ಮನಸ್ಸಲ್ಲೂ ‘ಫ್ಯೂಚರ್‌ಪ್ರೂಫ್ ಆಗಿರಲಿ’ ಅಂತಲೇ ಇರಬಹುದು. ಕಮಿಷನ್ ಹಾಗೇ ಕೆಲಸ ಮಾಡೋದು, ನಮ್ಮ ಅಭಿಪ್ರಾಯವನ್ನು ನಮಗೇ ಗೊತ್ತಾಗದ ಹಾಗೆ ಪಕ್ಕಕ್ಕೆ ತಳ್ಳತ್ತೆ. ಅದಕ್ಕೇ ಲಿಂಕ್ ಹುಡುಕೋ ಮೊದಲು ಉತ್ತರ ಬರೆದಿಟ್ಟುಕೊಳ್ಳೋದು ಒಳ್ಳೇದು. ಮೊದಲು ಮಾಡೆಲ್ ನಿರ್ಧಾರ ಮಾಡಿ, ಆಮೇಲೆ ಕಮಿಷನ್ ರೇಟ್ ನೋಡಿ. ಕಮಿಷನ್ ಇಲ್ಲದ ಅಂಗಡಿಯಲ್ಲಿ ಕಡಿಮೆಗೆ ಸಿಗ್ತಿದ್ರೆ ಅದನ್ನೂ ಹೇಳಿ, ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಸಿಗತ್ತೆ ಅನ್ನೋದನ್ನೂ ಹೇಳಿ.

ಓದುವವರಿಗೂ ಒಂದು ಮಾತು. ಅಮೆಜಾನ್ ಲಿಂಕಾದರೆ ಅಡ್ರೆಸ್ ಬಾರಲ್ಲಿ ‘ಟ್ಯಾಗ್’ ಅನ್ನೋ ಪ್ಯಾರಾಮೀಟರ್ ಇದೆಯಾ ನೋಡಿ. ಭಾರತದ ಅಸೋಸಿಯೇಟ್ ಐಡಿಗಳ ಕೊನೆಯಲ್ಲಿ ಹೈಫನ್ ಹಾಕಿ 21 ಅಂತಿರತ್ತೆ. ಶಾರ್ಟ್ ಲಿಂಕಾದರೆ ತೆರೆದ ಮೇಲೇ ಕಾಣೋದು. ಟ್ಯಾಗ್ ಇದ್ದರೆ ಓಡಿಹೋಗಬೇಕು ಅಂತಲ್ಲ, ಮನೆ ಬ್ರೋಕರ್ ಜೊತೆ ಇದ್ದೀವಿ ಅಂತ ತಿಳಿದು ಕಿಟಕಿ ತೆಗೆದು ನೋಡಿದರೆ ಸಾಕು.

ಕಾನೂನು ಏನನ್ನತ್ತೆ? 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರುಗಳಿಗೆ ಅಂತಲೇ ಕೈಪಿಡಿ ತಂದಿತು. ದುಡ್ಡು, ಉಚಿತ ವಸ್ತು, ಡಿಸ್ಕೌಂಟ್ ಹೀಗೆ ಕಂಪನಿ ಜೊತೆ ಏನೇ ಸಂಬಂಧ ಇದ್ದರೂ ಎದ್ದು ಕಾಣುವ ಹಾಗೆ ಹೇಳಬೇಕು, ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಮುಚ್ಚಿಡಬಾರದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕೋಕೆ ಅವಕಾಶ ಇದೆ. ಸೆಕೆಂಡ್ ಇಯರ್ ಹುಡುಗನ 300 ಮೆಂಬರ್ ಗ್ರೂಪಿಗೆ ಪ್ರಾಧಿಕಾರ ನೋಟಿಸ್ ಕಳಿಸತ್ತೆ ಅಂತ ನಾವು ಹೆದರಿಸ್ತಿಲ್ಲ. ದಂಡಕ್ಕಿಂತ ನಮಗೆ ಇಷ್ಟ ಆಗಿದ್ದು 2022ರ ಮಾರ್ಗಸೂಚಿಯಲ್ಲಿರೋ ಇನ್ನೊಂದು ಅಂಶ: ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಡಿಸ್‌ಕ್ಲೈಮರ್ ಕೂಡ ಅದೇ ಭಾಷೆಯಲ್ಲಿರಬೇಕು.

ಕನ್ನಡದ ರಿವ್ಯೂ ವಿಡಿಯೋಗಳನ್ನು ಒಮ್ಮೆ ಗಮನಿಸಿ. ಮಾತೆಲ್ಲ ‘ನಮಸ್ಕಾರ ಸ್ನೇಹಿತರೇ, ಸಖತ್ ಫೋನ್ ಗುರು’ ಅಂತ ಚೆಂದದ ಕನ್ನಡದಲ್ಲಿರತ್ತೆ. ಕಮಿಷನ್ ವಿಷಯ ಮಾತ್ರ ಎಷ್ಟೋ ಸಲ ಡಿಸ್ಕ್ರಿಪ್ಷನ್ನಿನ ತಳದಲ್ಲಿ, ಕಾಪಿ ಪೇಸ್ಟ್ ಮಾಡಿದ ಇಂಗ್ಲಿಷಲ್ಲಿ. ಮಾರೋಕೆ ಕನ್ನಡ, ಒಪ್ಪಿಕೊಳ್ಳೋಕೆ ಇಂಗ್ಲಿಷ್! ಆ ಇಂಗ್ಲಿಷ್ ಓದೋಕೆ ಬಂದವರಿಗೂ ‘ಅಫಿಲಿಯೇಟ್ ಲಿಂಕ್’ ಅನ್ನೋ ಎರಡು ಪದದಿಂದ ಏನೂ ತಿಳಿಯಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಇದನ್ನೇ ಹೇಳತ್ತೆ, ಆ ಪದ ಒಂದೇ ಸಾಲದು, ನನಗೆ ಕಮಿಷನ್ ಸಿಗತ್ತೆ ಅಂತ ನೇರವಾಗಿ ಹೇಳಿ ಅಂತ.

ನಮ್ಮ ಕ್ಲಬ್ಬಿನಲ್ಲಿ ಕೂತು ಕನ್ನಡದಲ್ಲಿ ಹೇಗೆ ಬರೆಯಬಹುದು ಅಂತ ನೋಡಿದೆವು. ‘ಸಂಯೋಜಿತ ಕೊಂಡಿ’ ಅಂತ ಒಬ್ಬರು ಅಂದರು, ಎಲ್ಲರೂ ನಕ್ಕರು. ಕೊನೆಗೆ ಉಳಿದದ್ದು ಇದು: ‘ಈ ಲಿಂಕಿಂದ ನೀವು ಕೊಂಡರೆ ನನಗೆ ಕಮಿಷನ್ ಸಿಗತ್ತೆ. ಇದರಲ್ಲಿ ಎರಡನೆಯದನ್ನು ನಾನು ಬಳಸಿ ನೋಡಿಲ್ಲ.’ ಜೂನಿಯರಿಗೆ ಮೊದಲನೆಯದಕ್ಕಿಂತ ಎರಡನೇ ವಾಕ್ಯವೇ ಹೆಚ್ಚು ಉಪಯೋಗ. ಇದನ್ನು ಮೊದಲ ಲಿಂಕಿಗಿಂತ ಮೇಲೆ ಹಾಕಿ. ವಾಟ್ಸಾಪಲ್ಲಿ ಉದ್ದ ಮೆಸೇಜಿನ ಕೊನೆ ಭಾಗ ‘ರೀಡ್ ಮೋರ್’ ಹಿಂದೆ ಹೋಗಿಬಿಡತ್ತೆ, ಅದನ್ನು ಒತ್ತಿ ಓದೋರು ತೀರಾ ಕಡಿಮೆ.