ಪೇಟೆಗೆ ಎಷ್ಟು ಹತ್ತಿರವಿರಬೇಕು ಮನೆ?

ಬಹುಕಾಲದ ಉಳಿತಾಯವನ್ನೆಲ್ಲ ಒಂದೇ ರುಜುವಿನೊಡನೆ ಕೈಬಿಡುವ ಸಂದರ್ಭವು ಸಾಮಾನ್ಯ ಸಂಸಾರಿಗೆ ಬಹುಶಃ ಜೀವಮಾನದಲ್ಲಿ ಒಮ್ಮೆ ಒದಗುವುದು. ಅದು ಮನೆ ಕೊಳ್ಳುವ ದಿನ. ಹೀಗಿದ್ದರೂ ನಮ್ಮಲ್ಲಿ ಅನೇಕರು ಒಂದು ಸೀರೆಯನ್ನು ಆರಿಸಲು ತೆಗೆದುಕೊಳ್ಳುವಷ್ಟು ಹೊತ್ತನ್ನೂ ಮನೆಯನ್ನು ಪರೀಕ್ಷಿಸುವುದರಲ್ಲಿ ಕಳೆಯುವುದಿಲ್ಲ. ನಿಮ್ಮ ಮನೆಯಲ್ಲಿಯೂ ಹಿರಿಯರ ನಡುವೆ ಇಂತಹ ಮಾತುಕತೆ ನಡೆಯುತ್ತಿರಬಹುದು. ತರಗತಿಯಲ್ಲಿ ಕಲಿತ ಭೌತಶಾಸ್ತ್ರವು ಆಗ ಎಷ್ಟರಮಟ್ಟಿಗೆ ನೆರವಾಗಬಲ್ಲುದೆಂಬುದನ್ನು ನನ್ನ ಅನುಭವದಿಂದಲೇ ವಿವರಿಸುವೆನು.

ಬೆಂಗಳೂರಿನ ಜಯನಗರಕ್ಕೆ ಶಂಕುಸ್ಥಾಪನೆಯಾದುದು ೧೯೪೮ರಲ್ಲಿ. ಅಂದು ಅದು ಊರಿನ ದಕ್ಷಿಣದ ಅಂಚು. ಬಡಾವಣೆಯನ್ನು ಹಲವು ಬ್ಲಾಕುಗಳಾಗಿ ವಿಂಗಡಿಸಿ, ಬಹುಮಟ್ಟಿಗೆ ಒಂದಕ್ಕೊಂದು ಲಂಬವಾಗಿರುವ ಮೇನ್ ರಸ್ತೆಗಳನ್ನೂ ಕ್ರಾಸ್ ರಸ್ತೆಗಳನ್ನೂ ಹಾಕಿದರು. ಕಾಲಕ್ರಮದಲ್ಲಿ ನಾಲ್ಕನೆಯ ಬ್ಲಾಕಿನ ವ್ಯಾಪಾರ ಸಂಕೀರ್ಣ ಮತ್ತು ಬಸ್ ನಿಲ್ದಾಣಗಳ ಸುತ್ತ ಈ ಬಡಾವಣೆಗೆ ತನ್ನದೇ ಆದ ಒಂದು ಪೇಟೆ ಬೆಳೆಯಿತು. ೨೦೧೭ರಲ್ಲಿ ಮೆಟ್ರೊ ರೈಲಿನ ಹಸಿರು ಮಾರ್ಗವೂ ಜಯನಗರವನ್ನು ಮುಟ್ಟಿತು. ತರಕಾರಿಗೂ ಔಷಧಿಗೂ ಯಾರನ್ನೂ ಕಾಯದೆ ನಡೆದುಹೋಗಬಹುದಾದ ಇಂತಹ ಪೇಟೆಯ ನೆರೆಯಲ್ಲಿ ಮನೆಯಿರಬೇಕೆಂಬುದು ವಯಸ್ಸಾದ ನನ್ನ ತಾಯಿಯವರ ಆಸೆ.

ದಲ್ಲಾಳಿಯು ನಮಗೆ ಎರಡು ಹಳೆಯ ಫ್ಲಾಟುಗಳನ್ನು ತೋರಿಸಿದನು. ಮೊದಲನೆಯದು ಮುಖ್ಯರಸ್ತೆಗೆ ಮುಖಮಾಡಿ, ಅಂಗಡಿಗಳ ಸಾಲಿನ ಮೇಲೆಯೇ ಇದ್ದಿತು. ಎರಡನೆಯದು ಒಳಗಿನ ಒಂದು ಕ್ರಾಸ್ ರಸ್ತೆಯಲ್ಲಿ, ಕಟ್ಟಡದ ಕೊನೆಯ ಅಂತಸ್ತಿನಲ್ಲಿ. ಮೊದಲನೆಯದರ ಬೆಲೆ ಐದು ಲಕ್ಷ ರೂಪಾಯಿ ಹೆಚ್ಚು. ಭಾನುವಾರದ ಬೆಳಗ್ಗೆ ಎರಡನ್ನೂ ನೋಡಿ ಬಂದೆವು. ನನ್ನ ಮನಸ್ಸು ಮೊದಲನೆಯದರ ಕಡೆಗೆ ವಾಲಿತ್ತು. ಆಗ ತಾಯಿಯವರು, “ಭಾನುವಾರ ಬೆಳಗ್ಗೆ ನೋಡಿದರೆ ಏನು ತಿಳಿಯುತ್ತಪ್ಪ? ವಾರದ ದಿನ ರಾತ್ರಿ ಹೊತ್ತು ಹೋಗಿ ನೋಡು” ಎಂದರು. ಪ್ರಯೋಗಶಾಲೆಯಲ್ಲಿ ಹುಡುಗರಿಗೆ ನಾನು ಹೇಳುವ ಮಾತೂ ಇದೇ: ಒಂದೇ ಅಳತೆಯನ್ನು ನಂಬಬೇಡಿ, ಬೇರೆ ಬೇರೆ ಸನ್ನಿವೇಶಗಳಲ್ಲಿ ಅಳೆಯಿರಿ.

ಮೊದಲು ದೂರವನ್ನು ವಿಚಾರಿಸೋಣ. ಎರಡನೆಯ ಮನೆಯು ಪೇಟೆಯಿಂದ ೩೪೦ ಮೀಟರ್ ಎಂದು ದಲ್ಲಾಳಿಯು ನಕ್ಷೆಯಲ್ಲಿ ತೋರಿಸಿದ್ದನು. ಅದು ಕಾಗೆ ಹಾರುವ ದೂರ. ಮನುಷ್ಯನು ಮುಖ್ಯರಸ್ತೆಯಗುಂಟ ೩೦೦ ಮೀಟರ್ ನಡೆದು, ತಿರುಗಿ ೧೬೦ ಮೀಟರ್ ಒಳಗೆ ಹೋಗಬೇಕು. ಒಟ್ಟು ೪೬೦ ಮೀಟರ್. ಲಂಬಕೋನ ತ್ರಿಭುಜದ ಕರ್ಣವು ಉಳಿದೆರಡು ಭುಜಗಳ ಮೊತ್ತಕ್ಕಿಂತ ಚಿಕ್ಕದೆಂಬುದನ್ನು ನೀವು ಬಲ್ಲಿರಿ. ನಿಮಿಷಕ್ಕೆ ೮೦ ಮೀಟರ್ ನಡೆಯುವ ನನಗೆ ಇದು ಆರು ನಿಮಿಷದ ದಾರಿ. ೫೦ ಮೀಟರ್ ನಡೆಯುವ ತಾಯಿಯವರಿಗೆ ಒಂಬತ್ತು ನಿಮಿಷದ್ದು. ಆದುದರಿಂದ ದೂರವನ್ನು ನಕ್ಷೆಯಲ್ಲಲ್ಲ, ಆ ಮನೆಯಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಕಾಲಿನಿಂದ ಅಳೆಯಬೇಕು. ತಾಯಿಯವರು ಚೀಲ ಹಿಡಿದು ಒಮ್ಮೆ ನಡೆದು ನೋಡಿ, “ಇಷ್ಟು ಆದೀತು” ಎಂದರು.

ಇನ್ನು ಶಬ್ದ. ಶಬ್ದದ ಮಟ್ಟವನ್ನು ಡೆಸಿಬೆಲ್ಲುಗಳಲ್ಲಿ ಅಳೆಯುವರು. ಮಟ್ಟವು ೧೦ ಡೆಸಿಬೆಲ್ ಏರಿದರೆ ತೀವ್ರತೆಯು ಹತ್ತು ಪಟ್ಟಾಗುವುದು. ೩ ಡೆಸಿಬೆಲ್ ಏರಿದರೆ ಸುಮಾರು ಎರಡು ಪಟ್ಟು. ಒಂದೇ ಕಡೆ ಇರಿಸಿದ ಜನರೇಟರಿನಂತಹ ಬಿಂದು ಆಕರದಿಂದ ಹೊರಟ ಶಕ್ತಿಯು ಗೋಳಾಕಾರವಾಗಿ ಹರಡುವುದರಿಂದ, ದೂರವು ಇಮ್ಮಡಿಯಾದರೆ ತೀವ್ರತೆಯು ಕಾಲುಭಾಗಕ್ಕೆ ಇಳಿಯುವುದು, ಎಂದರೆ ೬ ಡೆಸಿಬೆಲ್ ಕಡಿಮೆಯಾಗುವುದು. ಆದರೆ ವಾಹನಗಳು ಎಡೆಬಿಡದೆ ಹರಿಯುವ ರಸ್ತೆಯು ಒಂದು ರೇಖೆಯಂತಹ ಆಕರ. ಅಲ್ಲಿ ಶಕ್ತಿಯು ಉರುಳೆಯಾಕಾರವಾಗಿ ಹರಡುವುದರಿಂದ ದೂರವು ಇಮ್ಮಡಿಯಾದಾಗ ಇಳಿಯುವುದು ಬರಿಯ ೩ ಡೆಸಿಬೆಲ್.

ರಸ್ತೆಯಿಂದ ೧೦ ಮೀಟರ್ ದೂರದಲ್ಲಿರುವ ಮೊದಲನೆಯ ಮನೆಯ ಕಿಟಕಿಯಲ್ಲಿ ೭೨ ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳೋಣ. ನಡುವೆ ಬಯಲೇ ಇದ್ದರೆ ೨೦ ಮೀಟರಿಗೆ ೬೯, ೪೦ಕ್ಕೆ ೬೬, ೮೦ಕ್ಕೆ ೬೩, ೧೬೦ಕ್ಕೆ ೬೦ ಆಗುವುದು. ಇಷ್ಟು ದೂರ ಹೋದರೂ ಇಳಿದದ್ದು ೧೨ ಮಾತ್ರ! ಆದರೆ ನಡುವೆ ಒತ್ತಾಗಿ ನಿಂತ ಮನೆಗಳ ಒಂದು ಸಾಲಿದ್ದರೆ ಅದೊಂದೇ ಸುಮಾರು ೫ ಡೆಸಿಬೆಲ್ಲನ್ನು ತಡೆಯಬಲ್ಲುದು. ಆಗ ಎರಡನೆಯ ಮನೆಗೆ ತಲುಪುವುದು ೫೫. ಎರಡು ಮನೆಗಳಿಗೂ ೧೭ ಡೆಸಿಬೆಲ್ಲಿನ ವ್ಯತ್ಯಾಸ. ತೀವ್ರತೆಯಲ್ಲಿ ಇದು ಸುಮಾರು ೫೦ ಪಟ್ಟು. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಪಡಿಸಿವೆ. ಪೇಟೆಯಿಂದ ಮೈಲಿಗಟ್ಟಲೆ ಓಡಬೇಕಾಗಿಲ್ಲ. ಒಂದು ತಿರುವು, ಒಂದು ಸಾಲು ಮನೆ ನಡುವೆ ಬಂದರೆ ಬಹಳಷ್ಟು ನೆಮ್ಮದಿ ದೊರೆಯುವುದೆಂಬುದು ಇದರ ತಾತ್ಪರ್ಯ.

ರಾತ್ರಿ ಹತ್ತಕ್ಕೆ ನಾನು ಹೋದಾಗ ಮೊದಲನೆಯ ಮನೆಯ ಕೋಣೆಯಲ್ಲಿ ದಲ್ಲಾಳಿಯೊಡನೆ ದನಿಯೆತ್ತಿ ಮಾತನಾಡಬೇಕಾಯಿತು. ಎರಡನೆಯದರಲ್ಲಿ ಗೋಡೆಯ ಗಡಿಯಾರದ ಸದ್ದು ಕೇಳಿಸಿತು. ಆದರೆ ಅಲ್ಲಿ ಬೇರೊಂದು ದೋಷವು ಹೊರಬಿದ್ದಿತು: ಕೋಣೆಯ ಒಳಗೆ ಸೆಕೆ.

ಇದರ ಕಾರಣವೂ ಸ್ಪಷ್ಟವೇ. ಬೆಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಸುಮಾರಿಗೆ ನಡುಹಗಲಿನ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುವನು. ನೆಟ್ಟ ಕೋಲಿಗೆ ಆಗ ನೆರಳೇ ಇರದು. ಈ ಎರಡು ದಿನಗಳ ನಡುವಿನ ಅವಧಿಯಲ್ಲಿಯೂ ನಡುಹಗಲಿನಲ್ಲಿ ಅವನು ನೆತ್ತಿಯಿಂದ ಹತ್ತು ಹನ್ನೊಂದು ಡಿಗ್ರಿಗಿಂತ ಹೆಚ್ಚು ಸರಿಯನು. ಆದುದರಿಂದ ಬೇಸಗೆಯ ಬಿಸಿಲನ್ನು ಅತಿ ಹೆಚ್ಚಾಗಿ ಹೀರುವುದು ಗೋಡೆಗಳಲ್ಲ, ತಾರಸಿ. ಕಾಂಕ್ರೀಟು ಹಗಲು ಹೀರಿದ ಉಷ್ಣವನ್ನು ಕೆಲವು ಗಂಟೆ ತಡವಾಗಿ ಒಳಕ್ಕೆ ಬಿಡುವುದು. ಬೆಳಗ್ಗೆ ತಂಪಾಗಿದ್ದ ಕೋಣೆಯು ರಾತ್ರಿ ಬೆಚ್ಚಗಿದ್ದುದು ಇದರಿಂದಲೇ.

ಈಗ ನಿರ್ಧಾರ ಹೇಗೆ? ಇಲ್ಲಿ ಒಂದು ಭೇದವನ್ನು ಮಾಡಿಕೊಳ್ಳಬೇಕು. ಕೆಲವು ದೋಷಗಳನ್ನು ತಿದ್ದಬಹುದು, ಕೆಲವನ್ನು ತಿದ್ದಲಾಗದು. ತಾರಸಿಗೆ ಬಿಳಿಯ ಲೇಪನವನ್ನು ಕೊಟ್ಟರೆ ಬಿಸಿಲಿನ ಬಹುಭಾಗವು ಪ್ರತಿಫಲಿಸಿ ಹೋಗುವುದು. ಮುಖ್ಯರಸ್ತೆಯನ್ನು ಮಾತ್ರ ಯಾವ ಲೇಪನದಿಂದಲೂ ದೂರ ಸರಿಸಲಾಗದು. ಕಿಟಕಿ ಮುಚ್ಚಿದರೆ ಶಬ್ದದೊಡನೆ ಗಾಳಿಯೂ ಹೊರಗುಳಿಯುವುದು. ತಿದ್ದಬಹುದಾದ ದೋಷಕ್ಕೆ ಅಂಜಬಾರದು, ತಿದ್ದಲಾಗದ ದೋಷಕ್ಕೆ ಹಣ ತೆರಬಾರದು.

ಹಣದ ಗಣಿತವೂ ಇದನ್ನೇ ಹೇಳಿತು. ೫೦ ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇಕಡಾ ೮.೫ರ ಬಡ್ಡಿಗೆ ೨೦ ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ೪೩,೩೯೧ ರೂಪಾಯಿ. ಮೊದಲ ಕಂತಿನಲ್ಲಿ ೩೫,೪೧೭ ರೂಪಾಯಿ ಬಡ್ಡಿಗೇ ಸಲ್ಲುವುದು. ಅಸಲು ತೀರುವುದು ೭,೯೭೪ ಮಾತ್ರ. ಹತ್ತು ವರ್ಷ ಕಟ್ಟಿದ ಮೇಲೂ ಸುಮಾರು ೩೫ ಲಕ್ಷ ಅಸಲು ಉಳಿದಿರುವುದು. ಮೊದಲನೆಯ ಮನೆಗಾಗಿ ಇನ್ನೂ ಐದು ಲಕ್ಷ ಸಾಲ ಮಾಡಿದ್ದರೆ ತಿಂಗಳಿಗೆ ೪,೩೩೯ರಂತೆ ೨೦ ವರ್ಷದಲ್ಲಿ ೧೦ ಲಕ್ಷ ೪೧ ಸಾವಿರಕ್ಕೂ ಹೆಚ್ಚು ತೆರಬೇಕಾಗಿತ್ತು. ಅದೂ ನಿದ್ದೆಗೆಡುವುದಕ್ಕಾಗಿ!

ಕ್ರಯಪತ್ರ, ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿಗಳನ್ನು ವಕೀಲರಿಂದ ಪರೀಕ್ಷೆ ಮಾಡಿಸಿ, ನಾವು ಎರಡನೆಯ ಮನೆಯನ್ನೇ ಕೊಂಡೆವು. ನೆರೆಯವರ ಒಪ್ಪಿಗೆ ಪಡೆದು ತಾರಸಿಗೆ ಬಿಳಿಯ ಬಣ್ಣ ಬಳಿಸಿದೆವು. ಸೆಕೆ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ತಾಯಿಯವರು ದಿನವೂ ಸಂಜೆ ಪೇಟೆಗೆ ನಡೆದುಹೋಗಿ ಬರುವರು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ನಿಮ್ಮ ಊರಿನ ಪೇಟೆಯ ಬೀದಿಯಿಂದ ೧೦, ೨೦, ೪೦ ಮೀಟರ್ ದೂರಗಳಲ್ಲಿ ನಿಂತು, ಮೊಬೈಲ್ ಫೋನಿನ ಶಬ್ದಮಾಪಕದಿಂದ ಮಟ್ಟವನ್ನು ಗುರುತಿಸಿಕೊಳ್ಳಿ. ಅನಂತರ ಮೂಲೆ ತಿರುಗಿ, ಒಂದು ಸಾಲು ಮನೆಗಳ ಹಿಂದೆ ನಿಂತು ಮತ್ತೆ ಅಳೆಯಿರಿ. ಫೋನಿನ ಅಂಕಿಗಳು ಸ್ಥೂಲವೇ ಆದರೂ ಅವುಗಳ ನಡುವಿನ ವ್ಯತ್ಯಾಸವು ಪಾಠವನ್ನು ಕಲಿಸುವುದು. ಮುಂದೆ ನಿಮ್ಮ ಮನೆಯವರು ಮುಂಗಡ ಕೊಡಲು ಹೊರಟಾಗ, ಒಂದು ರಾತ್ರಿ ತಡೆಯಿರೆಂದು ಹೇಳುವ ಧೈರ್ಯವು ಆ ಅಂಕಿಗಳಿಂದ ನಿಮಗೆ ಬರಲಿ.